ಟಕ್ ಎನ್ನದ ಬಟನ್

ನನ್ನ ಬಲಗೈಯ ತೋರುಬೆರಳಿಗೆ ನಾಲ್ಕು ತಿಂಗಳಿಂದ ಏನೂ ಗೊತ್ತಾಗುತ್ತಿರಲಿಲ್ಲ. ಹೆಬ್ಬೆರಳಿಗೂ ಅಷ್ಟೆ. ಇದು ನನ್ನನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ತಿಳಿದಿರಲಿಲ್ಲ. ಹೆಂಡತಿಗೆ ಗೊತ್ತಿದ್ದದ್ದು ಕತ್ತುನೋವು ಮಾತ್ರ.

ಕತ್ತುನೋವು ಮುಚ್ಚಿಡಲು ಆಗುವಂಥದ್ದಲ್ಲ. ನಾನು ನಾಟಕಗಳ ಫೋಟೋಗ್ರಾಫರ್. ಎರಡು ದಪ್ಪ ಡಿಎಸ್‌ಎಲ್‌ಆರ್ ಕ್ಯಾಮೆರಾ, ಮೊಣಕೈ ಉದ್ದದ ಒಂದು ಲೆನ್ಸು, ಜೊತೆಗೆ ಇನ್ನೂ ಮೂರು, ಸ್ಟ್ಯಾಂಡು, ಬ್ಯಾಟರಿ, ಎಲ್ಲವನ್ನೂ ಒಂದೇ ಹೆಗಲಿಗೆ ಹೇರಿಕೊಂಡು ಇಪ್ಪತ್ತು ವರ್ಷ ಮೆಟ್ಟಿಲು ಹತ್ತಿದವನು. ನಾಟಕದವರು ನನಗಿಟ್ಟ ಹೆಸರೇ ಚೀಲದಣ್ಣ. ಒಂದು ಬೆಳಿಗ್ಗೆ ಕತ್ತು ಎಡಕ್ಕೆ ತಿರುಗಲೇ ಇಲ್ಲ. ಹೆಂಡತಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿ, ಎರಡೇ ಮಾತು ಹೇಳಿದರು.

"ನೋವು ಮಾತ್ರ ಇದ್ರೆ ಭಾರ ಹೊರೋದು ಬಿಡಿ, ವ್ಯಾಯಾಮ ಮಾಡಿ, ನೋಡೋಣ. ಬೆರಳು ಮರಗಟ್ಟೋಕೆ ಶುರುವಾದ್ರೆ ಕಾಯಬೇಡಿ, ಅವತ್ತೇ ಬನ್ನಿ, ಆಪರೇಷನ್ ಮಾಡಬೇಕಾಗುತ್ತೆ. ತಡ ಮಾಡಿದ್ರೆ ಆ ಕೈ ವಾಪಸ್ ಬರಲ್ಲ."

ಅಂಥದ್ದೇನೂ ಆಗಿಲ್ಲ ಎಂದೆ. ಆಗ ಅದು ನಿಜವೇ ಆಗಿತ್ತು. ಮೂರು ವಾರದ ಮೇಲೆ ಸುಳ್ಳಾಯಿತು. ಆದರೂ ಬಾಯಿ ಬಿಡಲಿಲ್ಲ. ಹೆದರಿಕೆ, ಅಷ್ಟೆ, ಅದಕ್ಕೆ ಬೇರೆ ಹೆಸರು ಕೊಟ್ಟು ದೊಡ್ಡಸ್ತಿಕೆ ತೋರಿಸುವುದು ಬೇಡ. ಕತ್ತನ್ನು ಕೊಯ್ದು ಒಳಗೆ ಕೈಯಾಡಿಸುತ್ತಾರೆ ಎಂದರೆ ನನಗೆ ನಿಂತಲ್ಲೇ ಬೆವರು ಕಿತ್ತುಕೊಂಡು ಬರುತ್ತಿತ್ತು. ಇವತ್ತಲ್ಲ ನಾಳೆ ಸರಿಹೋಗುತ್ತದೆ ಎಂದು ದಿನ ತಳ್ಳಿದೆ.

ಕೆಲಸವೂ ಹೇಗೋ ನಡೆಯುತ್ತಿತ್ತಲ್ಲ! ದೊಡ್ಡ ಕ್ಯಾಮೆರಾದ ಒಳಗೆ ಒಂದು ಕನ್ನಡಿ ಇರುತ್ತದೆ. ಬಟನ್ ಒತ್ತಿದ ಕೂಡಲೇ ಅದು ಮೇಲೆದ್ದು ಟಕ್ ಎಂದು ಬೀಳುತ್ತದೆ. ಬೆರಳಿಗೆ ಬಟನ್ ತಾಗಿದ್ದು ಗೊತ್ತಾಗದಿದ್ದರೂ ಕಿವಿಗೆ ಟಕ್ ಕೇಳಿಸುತ್ತಿತ್ತು. ಕೇಳಿಸದಿದ್ದರೆ ಇನ್ನಷ್ಟು ಒತ್ತುತ್ತಿದ್ದೆ. ನಾಲ್ಕು ತಿಂಗಳು ನಾನು ಫೋಟೋ ತೆಗೆದದ್ದು ಕಿವಿಯಿಂದ.

ಅಷ್ಟರಲ್ಲಿ ಹೆಂಡತಿ ಪಟ್ಟು ಹಿಡಿದಳು. ನಮ್ಮ ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ನಾನು ತೆಗೆದದ್ದನ್ನು ಕಂಪ್ಯೂಟರಿನಲ್ಲಿ ಆರಿಸಿ, ತಿದ್ದಿ, ಕಳಿಸುವವಳು ಅವಳು. ಒಂದು ದಿನ ನನ್ನ ಚೀಲವನ್ನು ಎತ್ತಿ ಮೇಜಿನ ಮೇಲೆ ಇಡಲು ಹೋಗಿ ಅರ್ಧಕ್ಕೇ ಬಿಟ್ಟಳು.

"ಇದನ್ನ ಇನ್ನೂ ಒಂದು ವರ್ಷ ಹೊತ್ರೆ ನಿಮ್ಮನ್ನ ನಾನು ಹೊರಬೇಕಾಗುತ್ತೆ," ಎಂದಳು. "ಆಮೇಲೆ ನನ್ನ ಕತ್ತನ್ನ ಯಾರು ನೋಡ್ತಾರೆ?"

ನನಗೆ ಸಿಟ್ಟು ಬೇಗ ಬರುತ್ತದೆ. ಬಂದದ್ದು ಬೇಗ ಹೋಗುವುದಿಲ್ಲ, ಅದು ಇನ್ನೊಂದು ತೊಂದರೆ. ಒಂದು ವಾರ ಮುಖ ಊದಿಸಿಕೊಂಡು ತಿರುಗಿದೆ. ಕೊನೆಗೆ ಎರಡು ಕ್ಯಾಮೆರಾ, ನಾಲ್ಕು ಲೆನ್ಸು, ಚೀಲ ಸಮೇತ ಅಂಗಡಿಗೆ ಹೋದವು. ಬದಲಿಗೆ ಬಂದದ್ದು ಅಂಗೈಯಲ್ಲಿ ಕೂರುವ ಒಂದು ಪುಟ್ಟ ಕ್ಯಾಮೆರಾ, ಒಂದು ಪುಟ್ಟ ಲೆನ್ಸು. ಅದರ ಹೊಟ್ಟೆಯಲ್ಲಿ ಕನ್ನಡಿಯೇ ಇಲ್ಲ. ಸದ್ದೂ ಇಲ್ಲ. "ನಾಟಕಕ್ಕೆ ಇದಕ್ಕಿಂತ ಬೇಕಾ ಸಾರ್?" ಎಂದು ಅಂಗಡಿಯವನು ಹಲ್ಲು ಬಿಟ್ಟ. "ಒತ್ತಿ ಹಿಡಿದ್ರೆ ಸೆಕೆಂಡಿಗೆ ಇಪ್ಪತ್ತು ಫೋಟೋ. ಪಕ್ಕದಲ್ಲಿ ಕೂತವರಿಗೂ ಗೊತ್ತಾಗಲ್ಲ."

ತೆಗೆಯುವವನಿಗೂ ಗೊತ್ತಾಗುವುದಿಲ್ಲ ಎಂದು ಅವನಿಗೆ ಹೇಳಬೇಕಿತ್ತು.

ಮೂರೇ ದಿನದಲ್ಲಿ ಕೆಲಸ ಬಂತು, ಅದೂ ಎಂಥದ್ದು! ನಾನು ಫೋಟೋ ತೆಗೆಯುವ ನಾಟಕ ತಂಡದ ಹಿರಿಯ ನಟಿ, ನಾವೆಲ್ಲ ಅಕ್ಕ ಎಂದು ಕರೆಯುವವರು, ಈ ಒಂದು ಪ್ರದರ್ಶನದ ನಂತರ ಇನ್ನು ಬಣ್ಣ ಹಚ್ಚುವುದಿಲ್ಲ ಎಂದು ಹೇಳಿಬಿಟ್ಟಿದ್ದರು. ನಾಟಕದಲ್ಲಿ ಅವರದು ಒಬ್ಬ ಮುದಿ ನಟಿಯದೇ ಪಾತ್ರ. ಕೊನೆಯಲ್ಲಿ ಕನ್ನಡಿಯ ಎದುರು ಕೂತು, ಮುಖದ ಬಣ್ಣ ಒರೆಸಿ, ತನ್ನ ಸ್ವಂತ ಮುಖದಲ್ಲಿ ಜನರ ಕಡೆ ತಿರುಗಬೇಕು. ತಿರುಗಿದ ಹತ್ತು ಸೆಕೆಂಡಿಗೆ ದೀಪ ಆರುತ್ತದೆ. ತಾಲೀಮಿನಲ್ಲಿ ಅವರು ಒಂದು ಸಲವೂ ಒರೆಸಿರಲಿಲ್ಲ. "ಒರೆಸೋದು ಒಂದೇ ಸಲ, ಜನರ ಮುಂದೆ," ಎಂದಿದ್ದರಂತೆ.

ಆ ಹತ್ತು ಸೆಕೆಂಡಿನ ಫೋಟೋ ತಂಡದ ಪುಸ್ತಕದ ಮುಖಪುಟಕ್ಕೆ ಬೇಕಿತ್ತು. ಹಿಂದೆಲ್ಲ ಟಕ್ ಸದ್ದಿನ ಕಾಟಕ್ಕೆ ನನ್ನನ್ನು ತಾಲೀಮಿಗಷ್ಟೇ ಬಿಡುತ್ತಿದ್ದರು. ಈಗ ಸದ್ದಿಲ್ಲದ ಕ್ಯಾಮೆರಾ ಎಂದು ಹೆಂಡತಿಯೇ ಫೋನಿನಲ್ಲಿ ಭರವಸೆ ಕೊಟ್ಟಿದ್ದಳು.

ಮಧ್ಯಾಹ್ನ ಮೂರಕ್ಕೆ ನಾಟಕ. ಬಾಗಿಲಲ್ಲಿ ನಿರ್ದೇಶಕರು ನನ್ನ ಖಾಲಿ ಹೆಗಲು ನೋಡಿ ನಕ್ಕರು.

"ಏನು ಚೀಲದಣ್ಣ, ಸನ್ಯಾಸ ತಗೊಂಡ್ರಾ?" ಆಮೇಲೆ ಮುಖ ಬಿಗಿ ಮಾಡಿಕೊಂಡು, "ನೋಡಿ, ಒಂದು ಸದ್ದು ಕೇಳಿಸಿದ್ರೂ ಅಕ್ಕ ನಿಲ್ಲಿಸಿಬಿಡ್ತಾರೆ. ನನ್ನ ಮಾನ ನಿಮ್ಮ ಕೈಲಿದೆ."

ನನ್ನ ಕೈಲಿ! ನನಗೆ ನಗು ಬರಲಿಲ್ಲ.

ಮೂರನೇ ಸಾಲಿನ ತುದಿಯಲ್ಲಿ ಕೂತೆವು. ನನ್ನ ಬಲಕ್ಕೆ, ಜೊತೆಗೆ ಬಂದಿದ್ದ ಹೆಂಡತಿ. ದೀಪ ಆರುವ ಮೊದಲು ಅವಳು ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ತೋರಿಸಿ ಪಿಸುಗುಟ್ಟಿದಳು. "ಫೋಟೋ ಬಿದ್ದಾಗ ಅಂಚಲ್ಲಿ ಬಿಳಿ ಗೆರೆ ಮಿನುಗುತ್ತೆ. ಅದನ್ನ ನೋಡ್ಕೊಳ್ಳಿ."

ಪರದೆ ಎದ್ದಿತು. ಅಕ್ಕ ಬಂದರು. ಒತ್ತಿದೆ. ಏನೂ ಕೇಳಿಸಲಿಲ್ಲ. ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ಇಪ್ಪತ್ತು ವರ್ಷದ ಅಭ್ಯಾಸ ಬಿಡಬೇಕಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದೆ. ಬಿಳಿ ಗೆರೆ ಒಂದು ಸಲ ಮಿನುಗತೊಡಗಿದರೆ ಬೇಗ ನಿಲ್ಲುತ್ತಲೇ ಇರಲಿಲ್ಲ. ಈ ಹಾಳು ಯಂತ್ರದ ಚಾಳಿಯೇ ಹೀಗೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಬೆರಳು ಬಟನ್ನಿನ ಮೇಲಿದೆಯೋ, ಪಕ್ಕದಲ್ಲಿದೆಯೋ, ಎತ್ತಿದೆನೋ ಇಲ್ಲವೋ, ಒಂದೂ ತಿಳಿಯದು. ಹಣೆಯ ಬೆವರು ಕಿಂಡಿಯ ಗಾಜಿಗೆ ಹತ್ತಿತು.

ಅರ್ಧ ನಾಟಕ ಮುಗಿದು ದೀಪ ಹತ್ತಿದಾಗ ಹೆಂಡತಿ ಕ್ಯಾಮೆರಾ ತೆಗೆದುಕೊಂಡು ನೋಡಿದಳು. ಮೂರು ಸಾವಿರ ಫೋಟೋ ಹಿಡಿಸುವ ಕಾರ್ಡಿನಲ್ಲಿ ಹನ್ನೆರಡಕ್ಕೆ ಮಾತ್ರ ಜಾಗ ಉಳಿದಿತ್ತು.

"ಕ್ಯಾಮೆರಾ ಕೆಟ್ಟಿದೆ. ನಾನು ಹೇಳಿರಲಿಲ್ವಾ? ಆಟದ ಸಾಮಾನು ತಂದು ನನ್ನ ಕೈಗೆ ಕೊಟ್ಟೆ ನೀನು," ಎಂದೆ. ಎದುರು ಸಾಲಿನವರು ತಿರುಗಿ ನೋಡುವಷ್ಟು ಜೋರಾಗಿಯೇ ಹೇಳಿದೆ.

ಅವಳು ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಿದ್ದಳು. ಅಕ್ಕ ಕುರ್ಚಿ ಎಳೆಯುವುದು ನೂರು ಫೋಟೋ. ಬಾಗಿಲು ತೆರೆಯುವುದು ನೂರು. ಆಮೇಲೆ ನನ್ನ ಮೊಣಕಾಲು. ನೆಲ. ಮುಂದಿನ ಕುರ್ಚಿಯ ಬೆನ್ನು. ಮತ್ತೆ ನನ್ನ ಮೊಣಕಾಲು, ಅದೂ ನೂರಾರು. ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು ಕೂತಾಗಲೂ ನನ್ನ ಬೆರಳು ಆಗಾಗ ಬಟನ್ ಒತ್ತಿಬಿಟ್ಟಿತ್ತು.

"ಒತ್ತಿದ ಬೆರಳನ್ನ ಬೇಗ ಎತ್ತೇ ಇಲ್ಲ ನೀವು," ಎಂದಳು.

"ಹೊಸದು. ಅಭ್ಯಾಸ ಇಲ್ಲ."

ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈ ನೋಡಿದಳು. ನಾನು ಕೈಯನ್ನು ಜೇಬಿಗೆ ಹಾಕಿಕೊಂಡೆ. ಇನ್ನೊಂದು ಕಾರ್ಡು ಹಾಕೋಣವೆಂದರೆ ಮನೆಯಲ್ಲಿದ್ದ ಡಜನ್ ಕಾರ್ಡುಗಳೂ ಹಳೆಯ ಕ್ಯಾಮೆರಾದ ಅಳತೆಯವು, ಇದಕ್ಕೆ ಕೂರುವುದಿಲ್ಲ. ಕೂತಲ್ಲೇ ನೆಲ, ಮೊಣಕಾಲುಗಳನ್ನೆಲ್ಲ ಅಳಿಸಿದಳು. ಗಂಟೆ ಬಾರಿಸುವ ಹೊತ್ತಿಗೆ ಒಂಬೈನೂರು ಫೋಟೋಗೆ ಜಾಗವಾಯಿತು.

"ಒಂದು ಸಲ ಒತ್ತಿದ್ರೆ ಒಂದೇ ಬೀಳೋ ಹಾಗೆ ಇಟ್ಟಿದೀನಿ," ಎಂದಳು. "ಒತ್ತಿ, ಬಿಡಿ. ಮತ್ತೆ ಒತ್ತಿ. ಅಷ್ಟೆ."

ಎಷ್ಟು ಸುಲಭದ ಮಾತು! ಒತ್ತಿದ್ದೂ ತಿಳಿಯದ, ಬಿಟ್ಟದ್ದೂ ತಿಳಿಯದ ಬೆರಳಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ದೀಪ ಆರಿತು. ಈಗ ಬಿಳಿ ಗೆರೆ ಮಿನುಗಲೇ ಇಲ್ಲ. ಒತ್ತಿದೆ ಎಂದುಕೊಂಡೆ, ಗೆರೆ ಇಲ್ಲ. ಬಿಟ್ಟೆ ಎಂದುಕೊಂಡೆ, ಒಮ್ಮೆ ಮಿನುಗಿತು, ಆ ಹೊತ್ತಿಗೆ ಅಕ್ಕ ಬೆನ್ನು ತಿರುಗಿಸಿದ್ದರು. ಬೆರಳನ್ನು ಕಣ್ಣಾರೆ ನೋಡಿ ಇಡೋಣವೆಂದು ಕ್ಯಾಮೆರಾ ಕೆಳಗಿಳಿಸಿದರೆ ಕತ್ತಲೆಯಲ್ಲಿ ನನ್ನ ಕೈಯೇ ನನಗೆ ಕಾಣದು. ಮಧ್ಯದ ಬೆರಳಿನಿಂದ ಪ್ರಯತ್ನಿಸಿದೆ. ಕ್ಯಾಮೆರಾ ಎಷ್ಟು ಚಿಕ್ಕದೆಂದರೆ ಬೆರಳು ಜಾರಿ ಯಾವುದೋ ಗಾಲಿ ತಿರುಗಿತು, ಚಿತ್ರವೆಲ್ಲ ಕಪ್ಪಾಯಿತು. ಅದನ್ನು ಸರಿಮಾಡುವಷ್ಟರಲ್ಲಿ ಒಂದು ದೃಶ್ಯವೇ ಮುಗಿದುಹೋಯಿತು. ಮುಕ್ಕಾಲು ಗಂಟೆಯಲ್ಲಿ ನನಗೆ ಸಿಕ್ಕಿದ್ದು ಹನ್ನೊಂದು ಫೋಟೋ, ಅವೂ ಬೇಡದವು.

ರಂಗದ ಮೇಲೆ ಕನ್ನಡಿ ಬಂತು. ಅಕ್ಕ ಅದರ ಮುಂದೆ ಕೂತರು. ಬಟ್ಟೆ ತೆಗೆದುಕೊಂಡು ಹಣೆಯಿಂದ ಒರೆಸತೊಡಗಿದರು. ಇಡೀ ರಂಗಮಂದಿರದಲ್ಲಿ ಉಸಿರಾಟದ ಸದ್ದೂ ಇಲ್ಲ.

ಕಿಂಡಿಯಲ್ಲಿ ಎಲ್ಲವೂ ಸರಿಯಾಗಿ ಕೂತಿತ್ತು. ಕನ್ನಡಿಯ ಅಂಚು, ಬಾಗಿದ ಬೆನ್ನು, ಬಟ್ಟೆ ಹಿಡಿದ ಕೈ. ಕಣ್ಣಿಗೆ ಯಾವ ಊನವೂ ಇರಲಿಲ್ಲ. ಅವರು ಬಲಗೆನ್ನೆ ಮುಗಿಸಿದರು. ಎಡಗೆನ್ನೆಗೆ ಬಂದರು. ಇನ್ನು ತಿರುಗುತ್ತಾರೆ. ನಾನು ಒತ್ತಿದೆ, ಗೆರೆ ಇಲ್ಲ. ಇನ್ನೊಮ್ಮೆ ಒತ್ತಿದೆ, ಇಲ್ಲ.

ಆಗ ಎಡಗೈಯನ್ನು ಲೆನ್ಸಿನಿಂದ ಬಿಟ್ಟೆ. ಹಳೆಯ ಕ್ಯಾಮೆರಾ ಆಗಿದ್ದರೆ ಒಂದೇ ಕೈಯಲ್ಲಿ ಹಿಡಿಯುವ ಮಾತೇ ಇರಲಿಲ್ಲ. ಇದು ಉಳಿದ ಮೂರು ಬೆರಳಿಗೇ ನಿಂತಿತು. ಕತ್ತಲೆಯಲ್ಲಿ ತಡಕಾಡಿ ಹೆಂಡತಿಯ ಕೈ ಹಿಡಿದು ಎಳೆದೆ. ಅವಳ ಬೆರಳನ್ನು ತಂದು ಬಟನ್ನಿನ ಮೇಲಿಟ್ಟೆ. ನನ್ನ ಸತ್ತ ಬೆರಳನ್ನು ಪಕ್ಕಕ್ಕೆ ಸರಿಸಿದೆ.

ಅವಳ ಕೈ ಒಂದು ಕ್ಷಣ ಬಿಗಿಯಾಯಿತು. ಅವಳಿಗೆ ಅರ್ಥವಾಗಿದ್ದು ಆ ಕ್ಷಣದಲ್ಲೇ, ನನಗೆ ಗೊತ್ತು. ನಾಲ್ಕು ತಿಂಗಳು ಹೇಳದೆ ಉಳಿಸಿಕೊಂಡದ್ದನ್ನೆಲ್ಲ ನಾನು ಬಾಯಿ ತೆರೆಯದೆ ಹೇಳಿಬಿಟ್ಟಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೆ ಕೈ ಎಳೆದುಕೊಳ್ಳಲಿಲ್ಲ ಅವಳು.

ಅಕ್ಕ ತಿರುಗಿದರು.

ನಾನು ಮೊಣಕಾಲಿನಿಂದ ಅವಳ ಮೊಣಕಾಲು ತಟ್ಟಿದೆ. ಗೆರೆ ಮಿನುಗಿತು. ಅಕ್ಕನ ಒಂದು ಕಿವಿಯ ಹತ್ತಿರ ಬಣ್ಣ ಉಳಿದಿತ್ತು, ಅವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. ತಟ್ಟಿದೆ. ಮಿನುಗಿತು. ತುಟಿ ಅದುರಿತು. ತಟ್ಟಿದೆ. ಅವರು ನಗಲು ಹೊರಟು ನಗಲಾಗದೆ ನಿಂತರು. ತಟ್ಟಿದೆ. ನಾನು ಎಲ್ಲೆಲ್ಲಿ ತಟ್ಟಿದೆನೋ ಅಲ್ಲೆಲ್ಲ ಅವಳು ಒತ್ತಿದಳು, ಒಂದು ತಟ್ಟೂ ಹಿಂದೆ ಬೀಳಲಿಲ್ಲ. ದೀಪ ಆರಿತು.

ಚಪ್ಪಾಳೆಯ ಗದ್ದಲದಲ್ಲಿ ನಿರ್ದೇಶಕರು ಓಡಿಬಂದು ಕ್ಯಾಮೆರಾದ ಹಿಂಬದಿಯ ಪರದೆಯಲ್ಲೇ ಫೋಟೋ ನೋಡಿದರು. ಕಣ್ಣು ಒದ್ದೆ ಮಾಡಿಕೊಂಡರು. "ಇದೇ, ಇದೇ ಬೇಕಿತ್ತು! ಮುಖಪುಟಕ್ಕೆ ಇದೇ. ದೊಡ್ಡದಾಗಿ ನಿಮ್ಮ ಹೆಸರು ಹಾಕಿಸ್ತೀನಿ ಚೀಲದಣ್ಣ."

"ಒತ್ತಿದ್ದು ನಾನಲ್ಲ, ಇವಳು," ಎಂದೆ. "ನನ್ನ ಬೆರಳಿಗೆ ಏನೂ ಗೊತ್ತಾಗಲ್ಲ."

ಅವರು ತಮಾಷೆ ಎಂದುಕೊಂಡು ನನ್ನ ಬೆನ್ನು ತಟ್ಟಿ ಅಕ್ಕನ ಹತ್ತಿರ ಓಡಿದರು. ಹೆಂಡತಿ ನಗಲಿಲ್ಲ. ನನ್ನ ತೋಳು ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಕರೆತಂದಳು. ಇನ್ನೂ ಬಿಸಿಲಿತ್ತು. ಕಾರಿನೊಳಗೆ ಕೂತು ಡಾಕ್ಟರಿಗೆ ಫೋನ್ ಹಚ್ಚಿದಳು.

"ಬೆರಳು ಮರಗಟ್ಟಿದೆ ಡಾಕ್ಟ್ರೇ," ಎಂದಳು. ಅವರು ಎಷ್ಟು ದಿನದಿಂದ ಎಂದು ಕೇಳಿದರು. ಅವಳು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಳು. "ನೀವೇ ಹೇಳಿ. ನನಗೂ ಗೊತ್ತಿಲ್ಲ."

"ನಾಲ್ಕು ತಿಂಗಳು," ಎಂದೆ.

ಡಾಕ್ಟರು ನಿಧಾನವಾಗಿ ಮಾತಾಡಿದರು. "ಸೀದಾ ಇಲ್ಲಿಗೆ ಕರ್ಕೊಂಡು ಬನ್ನಿ. ಆದ್ರೆ ಕೈ ಬಗ್ಗೆ ಈಗ ನಾನು ಯಾವ ಮಾತೂ ಕೊಡಲ್ಲ."

ಫೋನ್ ಇಟ್ಟಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಎದುರಿನ ಗೋಡೆ ನೋಡುತ್ತ ಹೇಳಿದಳು.

"ಆ ಕ್ಯಾಮೆರಾಗಳನ್ನ ಅಂಗಡಿಗೆ ಕೊಟ್ಟು ಬಂದ ದಿನ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತುಬಿಟ್ಟೆ ನಾನು. ನಿಮ್ಮಿಂದ ಅವನ್ನ ಕಿತ್ಕೊಂಡೆನಲ್ಲ ಅಂತ. ಹೋಗ್ಲಿ, ಕೈಯಾದ್ರೂ ಉಳೀತಲ್ಲ ಅಂತ ಸಮಾಧಾನ ಮಾಡ್ಕೊಂಡೆ."

ಅವಳು ಕಣ್ಣೊರೆಸಿಕೊಂಡು ಕಾರು ಹೊರಡಿಸಿದಳು.