ಭಾನುವಾರದ ಆಮ್ಲಜನಕ

“ಮೆಟ್ಟಿಲು ಮಾಯ ಆಗಿದೆ ಮಾವ! ಬನ್ನಿ ಇಲ್ಲಿ, ನೋಡಿ!”

ಸುಳಿ ಹೀಗೆ ಕೂಗಿದಾಗ ನಾನು ಲೋಟ ತೊಳೆಯುತ್ತಿದ್ದೆ. ಸುಳಿ ಅಂದರೆ ನಾವಿಟ್ಟ ಹೆಸರು. ನಾಲ್ಕು ವರ್ಷದಿಂದ ಈ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿರುವ ಹುಡುಗಿ, ಬಾಯಿ ಬಿಟ್ಟರೆ ಸುಳಿಗಳದ್ದೇ ಮಾತು. ನಾನು ಹರಳು ಬೆಳೆಸುವ ಫರ್ನೇಸ್ ನೋಡಿಕೊಳ್ಳುವವನು, ಹಾಗಾಗಿ ಅವಳ ಬಾಯಲ್ಲಿ ‘ಒಲೆ ಮಾವ’. ಓದಿದ್ದು ಕಮ್ಮಿ, ಕೇಳಿಸಿಕೊಂಡದ್ದು ಜಾಸ್ತಿ.

ಅವಳೇ ಹೇಳಿಕೊಟ್ಟದ್ದು ಇಷ್ಟು. ನಮ್ಮ ಎಳ್ಳುಕಾಳಿನಷ್ಟು ಕಪ್ಪು ಹರಳನ್ನು ದ್ರವ ನೈಟ್ರೋಜನ್ನಿನ ಚಳಿಗೆ ಇಳಿಸಿದರೆ ಕರೆಂಟು ಅದರೊಳಗೆ ಅಡ್ಡಿಯೇ ಇಲ್ಲದೆ ಓಡುತ್ತದೆ. ಸುತ್ತ ದೊಡ್ಡ ಅಯಸ್ಕಾಂತ ಇಟ್ಟರೆ ಅದರ ಬಲ ಸಣ್ಣ ಸಣ್ಣ ಸುಳಿಗಳಾಗಿ ಹರಳಿನೊಳಗೆ ನುಗ್ಗುತ್ತದೆ. ಹರಳು ಚೊಕ್ಕವಾಗಿದ್ದರೆ ಸುಳಿಗಳು ಶಾಲೆ ಮಕ್ಕಳ ಹಾಗೆ ಸಾಲಾಗಿ ನಿಲ್ಲುತ್ತವೆ. ನಿಧಾನಕ್ಕೆ ಬಿಸಿ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಸಾಲೆಲ್ಲ ಒಟ್ಟಿಗೇ ಚದುರಿ, ಗ್ರಾಫಿನಲ್ಲಿ ತಟಕ್ಕನೆ ಒಂದು ಮೆಟ್ಟಿಲು ಮೂಡುತ್ತದೆ. ಹರಳಿನಲ್ಲಿ ದೋಷಗಳಿದ್ದರೆ ಸುಳಿಗಳು ಸಿಕ್ಕಸಿಕ್ಕ ಗುಂಡಿಯಲ್ಲಿ ಕಾಲು ಸಿಕ್ಕಿಸಿಕೊಂಡು ಅಡ್ಡಾದಿಡ್ಡಿ ನಿಂತುಬಿಡುತ್ತವೆ. ಆಗ ಮೆಟ್ಟಿಲಿಲ್ಲ, ಬರೀ ನುಣುಪಾದ ಏರು.

“ಇದು ಪೆಟ್ಟು ತಿಂದ ಹರಳಲ್ವಾ?” ಎಂದೆ. ಇದ್ದದ್ದು ಎರಡು ಹರಳು. ಒಂದಕ್ಕೆ ಅಯಾನು ಅನ್ನೋ ವಿದ್ಯುತ್ ಕಣಗಳಿಂದ ಹೊಡೆಸಿ ಬೇಕಂತಲೇ ದೋಷ ಮಾಡಿಸಿದ್ದರು, ಇನ್ನೊಂದನ್ನು ಹಾಗೇ ಬಿಟ್ಟಿದ್ದರು.

“ಅಲ್ಲ ಮಾವ, ಚೊಕ್ಕದ್ದು! ನೀವು ಬೆಳೆಸಿ ಕೊಟ್ಟದ್ದು! ದೋಷವೇ ಇಲ್ಲದೆ ಮೆಟ್ಟಿಲು ಹೋಗಿದೆ. ಹನ್ನೊಂದು ಸಲ ಅಳೆದೆ. ಇದು ಯಾರೂ ಕಾಣದ್ದು. ಸಂಜೆ ಐದಕ್ಕೆ ಲೇಖನ ಕಳಿಸು ಅಂದಿದಾರೆ ಸರ್.”

ಕೈಯಲ್ಲೇ ಉಳಿದಿದ್ದ ಲೋಟವನ್ನು ಮೇಜಿನ ಮೇಲಿಟ್ಟೆ.

ಹರಳು ಬೆಳೆದ ಮೇಲೆ ಹತ್ತು ದಿನ ಬಿಸಿಯಲ್ಲಿಟ್ಟು ಆಮ್ಲಜನಕ ಹಾಯಿಸಬೇಕು. ನಡುವೆ ಅದು ನಿಂತರೆ ಹರಳು ತನ್ನೊಳಗಿನ ಆಮ್ಲಜನಕವನ್ನೇ ಬಿಟ್ಟುಕೊಡುತ್ತದೆ, ಅಲ್ಲಲ್ಲಿ ಖಾಲಿ ಜಾಗ ಉಳಿಯುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಈ ಹರಳಿನ ಹತ್ತು ದಿನದ ನಡುವೆ ಬಂದ ಭಾನುವಾರ ನಾನು ಬಂದು ಆಮ್ಲಜನಕದ ಸಿಲಿಂಡರ್ ನೋಡಬೇಕಿತ್ತು. ಮೊಮ್ಮಗಳು ಈಜು ಕಲಿಸು ಅಂತ ಹಟ ಹಿಡಿದಳು, ಹೋದೆ. ಸೋಮವಾರ ಬಂದರೆ ಸಿಲಿಂಡರ್ ಖಾಲಿ. ಹೊಸದು ಹಾಕಿ, ದಿನದಿನದ ದಾಖಲೆ ಪುಸ್ತಕದಲ್ಲಿ ಭಾನುವಾರದ ಎದುರಿಗೆ ಎಂದಿನಂತೆ ‘ಸರಿ’ ಎಂದು ಬರೆದೆ. ಭಾನುವಾರದ ‘ಸರಿ’ ಸೋಮವಾರ ಬರೆಯುವುದು ನನಗೆ ಕೆಲಸ ಕಲಿಸಿದವರ ಕಾಲದಿಂದ ಬಂದ ರೂಢಿ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಾಳೆ ಇನ್ಯಾರೋ ಚೊಕ್ಕ ಹರಳು ಬೆಳೆಸಿ ಅಳೆಯುತ್ತಾರೆ, ಅವರಿಗೆ ಮೆಟ್ಟಿಲು ಸಿಗುತ್ತದೆ. ಸುಳ್ಳಿ ಅನ್ನಿಸಿಕೊಳ್ಳುವವಳು ಇವಳು.

“ಸುಳೀ, ಅದು ಚೊಕ್ಕ ಅಲ್ಲ ತಾಯಿ.”

“ತಮಾಷೆ ಬೇಡ ಮಾವ.”

“ಆಮ್ಲಜನಕ ನಿಂತಿತ್ತು. ಭಾನುವಾರ ನಾನು ಬಂದಿರಲಿಲ್ಲ.”

ಅವಳು ನಗುತ್ತಲೇ ಇದ್ದಳು, ಮುಖಕ್ಕೆ ಇನ್ನೂ ಸುದ್ದಿ ಮುಟ್ಟದವರ ಹಾಗೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು.

“ಎಷ್ಟು ಗಂಟೆ ನಿಂತಿತ್ತು?”

“ಗೊತ್ತಿಲ್ಲ.”

“ಅಂದಾಜು? ನಾಲ್ಕು? ಇಪ್ಪತ್ತು? ಗೊತ್ತಿದ್ದಿದ್ರೆ ಅದನ್ನೇ ಬರೀತಿದ್ದೆ ಮಾವ. ಇಷ್ಟು ಗಂಟೆ ಆಮ್ಲಜನಕ ಇಲ್ಲದಿದ್ರೆ ಸುಳಿಗಳು ಹೀಗಾಗ್ತವೆ ಅಂತ. ಅದೂ ಒಂದು ಕೆಲಸಾನೇ.”

“ನಂಗೆ ಗೊತ್ತಿಲ್ಲ ಮಗಳೇ. ಇನ್ನೊಂದು ಬೆಳೆಸಿ ಕೊಡ್ತೀನಿ.”

“ಬೆಳೆಯೋಕೆ ಒಂದು ತಿಂಗಳು, ಆಮ್ಲಜನಕಕ್ಕೆ ಹತ್ತು ದಿನ. ನನ್ನ ಪಿಎಚ್‌ಡಿ ಅವಧಿ ಇರೋದು ಇನ್ನು ಇಪ್ಪತ್ತೇ ದಿನ. ವಿಸ್ತರಣೆ ಎರಡು ಸಲ ಆಯ್ತು, ಮೂರನೇದು ಕೊಡಲ್ಲ.”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಫೋನ್ ತೆಗೆದು ತನ್ನ ಮಾರ್ಗದರ್ಶಕರಿಗೆ ಹಚ್ಚಿದಳು.

“ಸರ್, ಲೇಖನ ಕಳಿಸ್ತಿಲ್ಲ. ಹರಳಲ್ಲಿ ದೋಷ ಇದೆ. ಇಲ್ಲ ಸರ್, ನಂದೇ ತಪ್ಪು, ಮೊದಲೇ ಪರೀಕ್ಷೆ ಮಾಡಿಸ್ಬೇಕಿತ್ತು.”

“ಇಲ್ಲಿ ಕೊಡು,” ಎಂದು ಕೈ ಚಾಚಿದೆ. ಅವಳು ಕೊಡಲೊಲ್ಲಳು. ಕಿತ್ತುಕೊಂಡೇ ಮಾತಾಡಿದೆ. “ಸರ್, ನಾನು ಫರ್ನೇಸಿನವನು. ಅವಳದೇನೂ ಇಲ್ಲ. ಭಾನುವಾರ ಬರದೇನೇ ‘ಸರಿ’ ಅಂತ ಬರೆದವನು ನಾನು.”

ಅವರು ಅತ್ತಲಿಂದ ದನಿ ಏರಿಸದೆ ಕೇಳಿದರು, “ಎಷ್ಟು ಭಾನುವಾರ ಹೀಗೆ ಬರೆದಿದೀರಿ?”

ಈ ಕೋಣೆಯಿಂದ ಹರಳು ತೆಗೆದುಕೊಂಡು ಹೋದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಸುಳಿ ನನ್ನನ್ನೇ ನೋಡುತ್ತಿದ್ದಳು.

“ಎಲ್ಲಾ ಭಾನುವಾರ, ಸರ್,” ಎಂದೆ.

ಸುಳಿ ಎದ್ದು ಹೋಗಿ, ಹರಳು ಅಳೆಯುವ ಯಂತ್ರದ ಪಂಪಿನ ಸ್ವಿಚ್ ಆರಿಸಿದಳು. ಹನ್ನೆರಡು ದಿನದಿಂದ ಗುಂಯ್‌ಗುಡುತ್ತಿದ್ದ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತುಹೋಯಿತು. ಪಕ್ಕದ ಕೋಣೆಯವರು ಬಾಗಿಲು ಸರಿಸಿ ತಲೆ ಒಳಗೆ ಹಾಕಿದರು, ಉರಿಯುತ್ತಿದ್ದ ದೀಪದ ಕಡೆ ಒಮ್ಮೆ ನೋಡಿ, ಕರೆಂಟು ಹೋಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಾಗಿಲು ಎಳೆದುಕೊಂಡು ಹೋದರು.