ಕಿಂಡಿಯ ಹಿಂದಿನ ಟೈಲರು

ಜನರೆಲ್ಲ ಫೋನಿನಲ್ಲೇ ಬಟ್ಟೆ ತರಿಸಿಕೊಳ್ಳತೊಡಗಿ, ಮಾಲಿನ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿ, ಕೊನೆಗೆ ಅಲ್ಲಿನ ದೊಡ್ಡ ಮಳಿಗೆಯೂ ಮುಚ್ಚುತ್ತದೆ ಎಂದಾಗ ಅಕ್ಕ ಅತ್ತಳು, ತಂಗಿ ಸೂಜಿಗೆ ದಾರ ಪೋಣಿಸಿದಳು. ಅತ್ತರೆ ಪ್ಯಾಂಟಿನ ಕಾಲು ಗಿಡ್ಡವಾಗುವುದಿಲ್ಲವಲ್ಲ!

ಅಕ್ಕನದು ಆ ಮಳಿಗೆಯ ಕೆಳಮಹಡಿಯ ಸೆಂಟಿನ ಕೌಂಟರು. ಬೇಡವೆಂದವರ ಕೈಗೂ ಬಾಟಲಿ ಹಿಡಿಸುವ ಮಾತುಗಾರ್ತಿ. ತಂಗಿ ಅದೇ ಮಳಿಗೆಯ ಟೈಲರು. ಟ್ರಯಲ್ ರೂಮಿನ ಹಿಂದೆ ಅವಳ ಕೋಣೆ. ಗಿರಾಕಿಯ ಬಟ್ಟೆ ಗೋಡೆಯ ಕಿಂಡಿಯಿಂದ ಒಳಬರಬೇಕು, ಅಳತೆಗೆ ಸರಿಯಾಗಿ ಹೊರಹೋಗಬೇಕು. ಟೈಲರು ಗಿರಾಕಿಯ ಕಣ್ಣಿಗೆ ಬೀಳಕೂಡದೆಂಬುದು ಮಳಿಗೆಯ ಕಟ್ಟಳೆ. ಅಕ್ಕನಿಗೂ ಅದೇ ಬೇಕಿತ್ತು. "ಒಳಗಿರೋಳು ನಿಮ್ಮ ತಂಗಿನಾ?" ಎಂದು ಯಾರಾದರೂ ಕೇಳಿದರೆ ನಕ್ಕು ಮಾತು ತೇಲಿಸುತ್ತಿದ್ದಳು. ತಂಗಿಗೆ ಅದು ಗೊತ್ತಿತ್ತು, ನೋವೂ ಇತ್ತು.

ಕೊನೆಯ ವಾರ ಅರ್ಧ ಬೆಲೆ; ಆದರೆ ಕೊಂಡದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ, ಅಳತೆಗೆ ಸರಿಮಾಡಿ ಕೊಡುವುದೂ ಇಲ್ಲ. ಜನ ಸೈಜು ನೋಡದೆ ಮುಗಿಬಿದ್ದರು. ಕಡ್ಡಿಯಂಥವನೊಬ್ಬ ಡೇರೆಯಂಥ ಕೋಟು ಹೊತ್ತುಕೊಂಡು ಹೋದ. ಕಿಂಡಿಯಿಂದ ಇಣುಕಿದ ತಂಗಿಗೆ ಹೊಟ್ಟೆ ತುಂಬಾ ನಗು. ಎದುರು ರಸ್ತೆಯ ಖಾಲಿ ಅಂಗಡಿಯನ್ನು ಅವಳು ಆಗಲೇ ಬಾಡಿಗೆಗೆ ಹಿಡಿದಿದ್ದಳು.

"ಅಕ್ಕಾ, ನೀನೂ ಬಾ. ಹೊಲಿಯೋದು ನಂಗೆ ಬಿಡು. ಜನರ ಜೊತೆ ಮಾತಾಡೋಕೆ ನಂಗೆ ನಾಲಿಗೇನೇ ಹೊರಳಲ್ಲ. ನೀನಿಲ್ದೆ ಆ ಅಂಗಡಿ ನಡೆಯಲ್ಲ."

"ಸೆಂಟು ಮಾರಿದ ಕೈಯಲ್ಲಿ ಕಂಡೋರ ಪ್ಯಾಂಟು ಇಸ್ಕೊಳ್ಳೋದಾ? ಹೋಗೇ!"

ತಂಗಿ ಒಬ್ಬಳೇ ಬಾಗಿಲು ತೆರೆದಳು. ಚೀಲ ಹಿಡಿದವರು ಬಂದರು, ತಲೆ ತಗ್ಗಿಸಿ ಮಿಷಿನ್ನಿಗೆ ಅಂಟಿಕೊಂಡವಳನ್ನು ನೋಡಿದರು, ಹೊರಟುಹೋದರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಇವಳಿಗೆ ಕೈಯಿತ್ತು, ಬಾಯಿರಲಿಲ್ಲ. ಹೀಗೇ ಆದರೆ ಮುಂದಿನ ತಿಂಗಳು ಬಾಡಿಗೆ ಕಟ್ಟುವಂತಿರಲಿಲ್ಲ.

ಒಂದು ಮಧ್ಯಾಹ್ನ ಆ ಡೇರೆ ಕೋಟಿನವನೂ ಅದನ್ನೇ ತೊಟ್ಟು ಬಂದ. ಕೆಮ್ಮಿದ, ಕಾದ, ತಿರುಗಿ ಮೆಟ್ಟಿಲಿಳಿದ. ತಂಗಿಗೆ ಊಟದ ಡಬ್ಬಿ ತಂದಿದ್ದ ಅಕ್ಕ ಆಗಷ್ಟೇ ಮೆಟ್ಟಿಲ ಬಳಿ ಬಂದಿದ್ದಳು. ಗಿರಾಕಿ ಹಾಗೇ ವಾಪಸು ಹೋಗುವುದನ್ನು ಅವಳ ಜೀವ ಎಂದೂ ಸಹಿಸಿದ್ದಿಲ್ಲ.

"ಸಾರ್, ಒಂದ್ನಿಮಿಷ! ನೀವು ಕೋಟು ಹಾಕ್ಕೊಂಡಿದ್ದೀರೋ, ಕೋಟೇ ನಿಮ್ಮನ್ನ ಹಾಕ್ಕೊಂಡಿದೆಯೋ?"

ಅವನು ನಕ್ಕುಬಿಟ್ಟ. "ಏನ್ ಮಾಡೋದಮ್ಮ? ಮೊದಲಾದ್ರೆ ಆ ಮಳಿಗೆಯವ್ರೇ ಸರಿಮಾಡಿ ಕೊಡ್ತಿದ್ರು."

"ಮಳಿಗೆಯವ್ರಲ್ಲ ಸಾರ್. ಇಷ್ಟು ವರ್ಷ ನಿಮ್ಮೆಲ್ಲರ ಬಟ್ಟೆ ಸರಿಮಾಡಿದ್ದು ಇಲ್ಲಿ ಕೂತಿದ್ದಾಳಲ್ಲ, ಇವಳು." ಅಕ್ಕ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟಳು. ಆಮೇಲೆ ಬೀದಿಗೆಲ್ಲ ಕೇಳುವಂತೆ ಹೇಳಿದಳು: "ನನ್ನ ತಂಗಿ!"

ಮಿಷಿನ್ನು ನಿಂತಿತು. ತಂಗಿ ತಲೆಯೆತ್ತಿ, ಟೇಪು ಕೊರಳಿಗೆ ಹಾಕಿಕೊಂಡು ಹೊಸಿಲಿಗೆ ಬಂದಳು.

"ಬನ್ನಿ ಸಾರ್, ಅಳತೆ ಕೊಡಿ."