ಆಟಿಯ ರಜೆ

ಸ್ತ್ರೀರೋಗ ತಜ್ಞೆಯಾಗಲು ಸುರಕ್ಷಾಳಿಗೆ ಇನ್ನೊಂದೇ ವರ್ಷ ಬಾಕಿ. ಹೆರಿಗೆ ಮಾಡಿಸುವುದು ಕೈಗೆ ಹತ್ತಿತ್ತು, ಸಿಸೇರಿಯನ್ನೂ ಕರಗತವಾಗಿತ್ತು. ಎದುರಿಗೆ ಕೂತವರನ್ನು ಬಾಯಿಬಿಟ್ಟು ಕೇಳುವ ವಿದ್ಯೆ ಮಾತ್ರ ಬಂದಿರಲಿಲ್ಲ. ಬಂದಿಲ್ಲವೆಂಬುದೂ ಅವಳಿಗೆ ಗೊತ್ತಿರಲಿಲ್ಲ, ಬಿಡಿ.

ಅವಳು ತರಬೇತಿಗೆ ಬಂದಿದ್ದ ಬೆಳ್ತಂಗಡಿಯ ಆಸ್ಪತ್ರೆಗೆ ಅಂದು ನಾರಾವಿಯ ಸರಸಕ್ಕ ಸೊಸೆ ಮೋಕ್ಷಿತಾಳನ್ನು ಕರೆತಂದರು. ಮದುವೆಯಾಗಿ ಮೂರು ವರ್ಷ, ಮಗುವಿಲ್ಲ. ಗಂಡ ಶೋಧನ್‌ಗೆ ದುಬೈಯ ಹೋಟೆಲಿನಲ್ಲಿ ಕೆಲಸ. ರಜೆಯಲ್ಲಿ ಬಂದಿದ್ದವನು ಹೊರಗೆ ಬೆಂಚಿನಲ್ಲಿ ಫೋನ್ ನೋಡುತ್ತ ಕೂತಿದ್ದ. ಮೋಕ್ಷಿತಾಳ ಥೈರಾಯ್ಡ್, ಸ್ಕ್ಯಾನಿಂಗ್ ಎಲ್ಲ ಸರಿಯಿತ್ತು. ಹಾಗಾದರೆ ಹೊಟ್ಟೆಗೆ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡುವ ಎಂದಳು ಸುರಕ್ಷಾ. ಮೋಕ್ಷಿತಾಳ ಮುಖ ಬಿಳಿಚಿಕೊಂಡಿತು.

ಪಕ್ಕದ ಮೇಜಿನ ಹಿರಿಯ ವೈದ್ಯೆ ಪದ್ಮಾಕ್ಷಿ ತಲೆಯೆತ್ತಿದರು. "ನಿನ್ನೆ ಎಲ್ಲಿ ಮಲಗಿದ್ದೆ ಮಗಾ?"

"ಮಿಜಾರಿನಲ್ಲಿ, ಅಮ್ಮನ ಮನೆಯಲ್ಲಿ."

"ಗಂಡ?"

"ಅವ ನಾರಾವಿಯಲ್ಲಿ," ಎಂದರು ಸರಸಕ್ಕ. "ಆಟಿ ಅಲ್ವಾ ಡಾಕ್ಟ್ರೇ? ಹೊಸ ಮದುಮಗಳು ಆಟಿ ತಿಂಗಳು ತಾಯಿಮನೆಯಲ್ಲೇ ಕೂರಬೇಕು."

"ಮೂರು ವರ್ಷದ ಮದುಮಗಳಾ ಮಾರಾಯ್ತಿ?"

"ಮಗು ಆಗುವವರೆಗೆ ನಮ್ಮಲ್ಲಿ ಹಾಗೆಯೇ."

"ಅವನಿಗೆ ರಜೆ ಯಾವಾಗ ಸಿಗ್ತದೆ?"

"ಪ್ರತಿ ವರ್ಷ ಆಟಿಯಲ್ಲೇ. ಇಲ್ಲಿ ಮಳೆಗಾಲ ಆದ್ರೂ ಅಲ್ಲಿ ಸೆಕೆ, ಗಿರಾಕಿ ಕಡಿಮೆ. ತಿಂಗಳು ಮುಗಿಯುವ ಮೊದಲೇ ಹೋಗ್ತಾನೆ." ಮದುವೆಯಾದ ವಾರಕ್ಕೇ ಅವನು ವಿಮಾನ ಹತ್ತಿದ್ದನಂತೆ.

ಸುರಕ್ಷಾಳಿಗೆ ನಾಚಿಕೆಯಾಯಿತು. ಅವಳೂ ತುಳುವರ ಮನೆಯವಳೇ, ಅವಳ ಅಕ್ಕನೂ ಆಗ ತಾಯಿಮನೆಯಲ್ಲಿ ಆಟಿಗೆ ಕೂತಿದ್ದಳು. ಆದರೂ ಹೊಳೆದಿರಲಿಲ್ಲ.

"ಕ್ಯಾಮೆರಾ ಬೇಡ," ಎಂದಳು. "ಇವತ್ತೇ ಇವರನ್ನು ನಾರಾವಿಗೆ ಕರ್ಕೊಂಡು ಹೋಗಿ."

ಸರಸಕ್ಕ ಮುಖ ಗಂಟು ಹಾಕಿಕೊಂಡರು. ಕೊನೆಗೆ ಮೊಮ್ಮಗುವಿನ ಆಸೆಯೇ ಗೆದ್ದಿತು. "ಆಯ್ತು, ಹೋಗುವ," ಎಂದು ಎದ್ದರು.

ಮೋಕ್ಷಿತಾ ಏಳಲಿಲ್ಲ. "ಅವರಿಗೆ ನಾನು ಬರಬೇಕೂಂತ ಉಂಟಾ, ಮೊದಲು ಕೇಳಿ ಡಾಕ್ಟ್ರೇ. ನಾರಾವಿಯಿಂದ ಮಿಜಾರಿಗೆ ಬಸ್ಸು ಇಲ್ವಾ? ಮೂರು ಆಟಿಯಲ್ಲಿ ಒಮ್ಮೆಯೂ ಬಂದು ನನ್ನನ್ನು ನೋಡ್ಲಿಲ್ಲ. ಬೇಸರ ಮಾಡಿದ್ದು ನಾನು ಮಾತ್ರ."

ಸರಸಕ್ಕ ಮೆಲ್ಲಗೆ ಮತ್ತೆ ಕೂತರು. ಸುರಕ್ಷಾ ಪದ್ಮಾಕ್ಷಿಯವರತ್ತ ನೋಡಿದಳು. ಅವರು ತಮ್ಮ ಮೇಜಿನತ್ತ ತಿರುಗಿಕೊಂಡರು.

ಅವಳೇ ಎದ್ದು ಹೋಗಿ ಬಾಗಿಲು ತೆರೆದಳು.

"ಶೋಧನ್, ಒಳಗೆ ಬನ್ನಿ."

"ನಾನಾ?" ಎಂದ ಅವನು. ಮೂರು ವರ್ಷದಲ್ಲಿ ಯಾವ ಡಾಕ್ಟರೂ ಅವನನ್ನು ಒಳಗೆ ಕರೆದಿರಲಿಲ್ಲ.